ಬೇಸಿಗೆಯ ಆ ಒಂದು ಗಂಟೆ

“ಹೆಸ್ಟರ್ ತಾನೇ ಬೋರ್ಡ್ ನೋಡ್ಕೊಂಡಿದ್ಳು,” ಎಂದರು ವಿನಿಫ್ರೆಡ್ ಟ್ರಾಂಟರ್.

“ಹೌದು. ಹೆಸ್ಟರ್ ತಾನೇ ಬೋರ್ಡ್ ನೋಡ್ಕೊಂಡಿದ್ಳು,” ಎಂದರು ಪಕ್ಕದಲ್ಲಿದ್ದ ಗಾಡ್‌ಫ್ರಿ ಪೆಲ್.

ಒಂದಕ್ಷರ ಆಚೀಚೆ ಇಲ್ಲ. ಪೊಲೀಸ್ ಕೆಲಸದಲ್ಲೇ ತಲೆ ನರೆಸಿಕೊಂಡ ನನಗೆ ಇಂಥ ಜೊತೆಹಾಡು ಕೇಳಿದೊಡನೆ ಮೈಯೆಲ್ಲ ಎಚ್ಚರವಾಗುತ್ತದೆ. ನಿಜ ಹೇಳುವ ಗೆಳೆಯರು ಒಬ್ಬರ ಮಾತಿಗೊಬ್ಬರು ಅಡ್ಡ ಬರುತ್ತಾರೆ, ಹಾಗಲ್ಲ ಹೀಗೆ ಎಂದು ಕಿತ್ತಾಡುತ್ತಾರೆ. ಇವರಿಬ್ಬರೂ ಪಾಠ ಒಪ್ಪಿಸಿದರು.

ಅದು ಮಿಸೆಸ್ ಡಾಡ್ಸ್ ನಡೆಸುವ ವಸತಿಗೃಹದ ತಿಂಡಿ ಕೋಣೆ. ಕಿಟಕಿಯಾಚೆ ಕಣ್ಣು ಹಾಯುವಷ್ಟೂ ಒದ್ದೆ ಮರಳು, ಅದರಾಚೆ ಓಸ್ವಿನ್ ದ್ವೀಪ, ದ್ವೀಪದ ನೆತ್ತಿಯಲ್ಲಿ ಪಾಳುಬಿದ್ದ ಮಠದ ಕಮಾನು. ಮೇಜಿನ ಮೇಲೆ ನಾಲ್ಕು ತಟ್ಟೆ, ನಾಲ್ಕರಲ್ಲೂ ಹೊಗೆಯಾಡಿಸಿದ ಹೆರಿಂಗ್ ಮೀನು. ತಿನ್ನುವವರು ಮೂರೇ ಜನ. ಮಿಸೆಸ್ ಡಾಡ್ಸ್ ಕೈತಪ್ಪಿ ನಾಲ್ಕು ಬಡಿಸಿದ್ದರು, ಆ ಒಂದು ತಟ್ಟೆ ತೆಗೆಯಿರಿ ಎನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಮೀನು ಅಲ್ಲೇ ಆರುತ್ತಿತ್ತು.

ಶನಿವಾರ ಮಧ್ಯಾಹ್ನ ಆ ದ್ವೀಪದಿಂದ ಮರಳಿನ ಮೇಲೆ ಒಬ್ಬಳೇ ನಡೆದು ಹೊರಟ ಹೆಸ್ಟರ್ ಕೋಲ್ ದಡ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಕರಾವಳಿ ಕಾವಲಿನವರು ಅವಳ ಹೆಣ ತಂದರು.

ಓಸ್ವಿನ್‌ಗೆ ನೀರು ಇಳಿದಾಗ ನಡೆದುಕೊಂಡೇ ಹೋಗಬಹುದು. ನೆಟ್ಟ ಕಂಬಗಳ ಸಾಲು ಹಿಡಿದರೆ ಒಂದು ಗಂಟೆಯ ದಾರಿ. ನೀರು ಏರಿತೋ, ನಡೆಯುವ ದಾರಿಯೂ ಇಲ್ಲ, ಗಾಡಿ ರಸ್ತೆಯೂ ಇಲ್ಲ. ಅದಕ್ಕೇ ದ್ವೀಪದ ಹೆಬ್ಬಾಗಿಲಲ್ಲಿ ಆಳೆತ್ತರದ ಬೋರ್ಡ್ ನಿಲ್ಲಿಸಿದ್ದಾರೆ: ಇಂದು ಇಷ್ಟರೊಳಗೆ ದಡ ಮುಟ್ಟಿ ಎಂದು. ಶನಿವಾರ ಅದರಲ್ಲಿದ್ದದ್ದು ಮೂರು ಗಂಟೆ.

“ಮೂರರೊಳಗೆ ದಡ ಮುಟ್ಬೇಕು ಅಂತ ಓದಿದವರು ಮೂರರ ಹೊತ್ತಿಗೆ ಅಲ್ಲಿಂದ ಯಾಕೆ ಹೊರಟ್ರು?” ಎಂದು ಕೇಳಿದೆ.

“ವಯಸ್ಸಾಗಿತ್ತಲ್ಲ, ಮರೆತಿರ್ತಾಳೆ,” ಎಂದರು ವಿನಿಫ್ರೆಡ್.

“ಹೆಸ್ಟರ್ ಮರೆಯೋದಾ? ಇಂಗ್ಲೆಂಡಿನ ರಾಜರನ್ನೆಲ್ಲ ಹಿಂದಿನಿಂದ ಮುಂದಕ್ಕೆ ಹೇಳೋಳು…” ಎಂದು ಶುರುಮಾಡಿದ ಗಾಡ್‌ಫ್ರಿ, ವಿನಿಫ್ರೆಡ್ ಮುಖ ನೋಡಿ ಬಾಯಿಗೆ ಬ್ರೆಡ್ ತುರುಕಿಕೊಂಡರು. ಜೀವನವೆಲ್ಲ ಬೇರೆಯವರ ಹಲ್ಲು ಕಿತ್ತ ಮನುಷ್ಯ. ಸುಳ್ಳು ಹೇಳಿ ಅಭ್ಯಾಸವಿಲ್ಲ, ಪಾಪ.

ಮೂರನೆಯವರು, ವಿನಿಫ್ರೆಡ್ ಗಂಡ ಡೆನ್ಹಮ್ ಟ್ರಾಂಟರ್, ಏನೂ ಹೇಳಲಿಲ್ಲ. ನೌಕಾಪಡೆಯಲ್ಲಿ ಹಡಗಿಗೆ ದಾರಿ ತೋರಿಸುತ್ತಿದ್ದವರು. ಯುದ್ಧದ ಫಿರಂಗಿಗಳು ಕಿವಿ ತಿಂದುಹಾಕಿದ್ದವು. ಎದುರಿಗಿರುವವರ ತುಟಿ ಓದುತ್ತಾರೆ, ಓದಲಾಗದ್ದನ್ನು ಹೆಂಡತಿ ಹೇಳುತ್ತಾರೆ. ನಾನು ಪ್ರಶ್ನೆ ಕೇಳಿದಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು, ಅಷ್ಟರಲ್ಲೇ ವಿನಿಫ್ರೆಡ್ ಉತ್ತರ ಕೊಟ್ಟು ಮುಗಿಸಿರುತ್ತಿದ್ದರು.

ಈ ನಾಲ್ವರದು ಹಳೆಯ ಸ್ನೇಹ. ಯುದ್ಧ ಮುಗಿದ ಮರುವರ್ಷ ಸೈಕಲ್ ಹತ್ತಿ ಇದೇ ದಾರಿಯಲ್ಲಿ ಬಂದಿದ್ದರಂತೆ. ಆಮೇಲೆ ಪ್ರತಿ ಮೇ ತಿಂಗಳೂ ಒಂದು ಪ್ರವಾಸ. ಕೋಟೆ, ಕೆಥೀಡ್ರಲ್, ರೋಮನ್ನರ ಗೋಡೆ, ಗೋಡೆಯೂ ಇಲ್ಲದ ಕಡೆ ಅಡಿಪಾಯ. ‘ಹಳೇ ಕಲ್ಲಿನ ಕೂಟ’ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ವ್ಯಾನ್ ಓಡಿಸುವುದು ಗಾಡ್‌ಫ್ರಿ. ಇತಿಹಾಸದ ಮೇಡಂ ಆಗಿದ್ದ ಹೆಸ್ಟರ್ ಕಥೆ ಹೇಳುವುದು. ಚಹಾದ ಫ್ಲಾಸ್ಕು, ಮೊಟ್ಟೆಯ ಸ್ಯಾಂಡ್‌ವಿಚ್ ವಿನಿಫ್ರೆಡ್ ಪಾಲಿಗೆ. ದಾರಿ ಮತ್ತು ಹೊತ್ತು ಡೆನ್ಹಮ್ ಪಾಲಿಗೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ, ಅದು ಕೂಟದ ನೇಮ. ಹಿಂದಿನ ದಿನ ಗಾಡ್‌ಫ್ರಿಯೇ ಅಳುತ್ತ ನಗುತ್ತ ನನಗಿದನ್ನು ಹೇಳಿದ್ದರು.

ಹೊತ್ತು ನೋಡುವುದೇ ಡೆನ್ಹಮ್ ಕೆಲಸವಾದರೆ, ಹೆಸ್ಟರ್ ತಾನೇ ಬೋರ್ಡ್ ಯಾಕೆ ನೋಡಿಕೊಂಡಳು?

ಇನ್ನೊಂದು ಸಂಗತಿಯೂ ನನ್ನನ್ನು ಕೊರೆಯುತ್ತಿತ್ತು. ಹೆಸ್ಟರ್ ಓಡಿರಲಿಲ್ಲ. ಶೂಗಳನ್ನು ಲೇಸಿನಿಂದ ಜೋಡಿಸಿ ಕೊರಳಿಗೆ ಹಾಕಿಕೊಂಡಿದ್ದಳು, ಸಾಕ್ಸನ್ನು ಮಡಿಚಿ ಒಳಗೆ ತುರುಕಿದ್ದಳು. ಕೋಟಿನ ಜೇಬಿನಲ್ಲಿ ಅರ್ಧ ತಿಂದು ಕಾಗದದಲ್ಲಿ ಮತ್ತೆ ಸುತ್ತಿಟ್ಟ ಸ್ಯಾಂಡ್‌ವಿಚ್, ಇನ್ನೊಂದು ಜೇಬಿನ ತುಂಬ ಚಿಪ್ಪು. ಮಂಜು ಕವಿಯುವ ಮುಂಚೆ ದೋಣಿಯವನೊಬ್ಬ ಅವಳನ್ನು ಕಂಡಿದ್ದ. ನಡುದಾರಿಯಲ್ಲಿ ಬಗ್ಗಿ ಬಗ್ಗಿ ಚಿಪ್ಪು ಆರಿಸುತ್ತಿದ್ದಳಂತೆ. ಸಮುದ್ರ ಬೆನ್ನಿಗೆ ಬಂದಿರುವಾಗ ಯಾರಾದರೂ ಚಿಪ್ಪು ಆರಿಸುತ್ತಾರೆಯೇ? ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ನಂಬಿದವರು ಆರಿಸುತ್ತಾರೆ.

ನಾನು ಡೆನ್ಹಮ್ ಕಡೆಗೆ ಜಾಮ್ ಬಟ್ಟಲು ಸರಿಸಿದೆ. ಅವರು ಕೈ ಚಾಚಿದಾಗ ಅಂಗಿಯ ತೋಳು ಮೇಲೆ ಸರಿದು ಕೈಗಡಿಯಾರ ಕಂಡಿತು. ಗೋಡೆಯ ಗಡಿಯಾರದಲ್ಲಿ ಒಂಬತ್ತು, ಅವರದರಲ್ಲಿ ಎಂಟು.

“ನಿಮ್ಮ ವಾಚು ಒಂದು ಗಂಟೆ ಹಿಂದಿದೆ ಸರ್,” ಎಂದೆ, ತುಟಿ ಬಿಡಿಸಿ ಬಿಡಿಸಿ.

ಮೂರು ದಿನದಲ್ಲಿ ಮೊದಲ ಸಲ ಆ ಮುಖದಲ್ಲಿ ನಗೆಯಂಥದ್ದೇನೋ ಸುಳಿಯಿತು. “ಅದು ಸರಿಯಾಗೇ ಇದೆ. ನೀವೆಲ್ಲ ಒಂದು ಗಂಟೆ ಮುಂದಿದ್ದೀರಿ.”

ವಿನಿಫ್ರೆಡ್ ಕೈಲಿದ್ದ ಚಹಾದ ಕಪ್ ಸಾಸರಿಗೆ ತಗುಲಿ ಸದ್ದಾಯಿತು. ಗಾಡ್‌ಫ್ರಿ ತಲೆ ಎತ್ತಲಿಲ್ಲ.

ನನ್ನಪ್ಪ ಇದೇ ಕರಾವಳಿಯ ಮೀನುಗಾರ. ಮಾರ್ಚ್ ಕೊನೆಗೆ ಇಡೀ ದೇಶ ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರೂ ಹಡಗಿನವರ ಉಬ್ಬರವಿಳಿತದ ಪುಸ್ತಕ ಮಾತ್ರ ಹಳೆಯ ಗಂಟೆಯಲ್ಲೇ ಇರುತ್ತದೆ. ಅದಕ್ಕೆ ಅಪ್ಪ ಬೇಸಿಗೆಯಿಡೀ ಅಡುಗೆಮನೆಯಲ್ಲಿ ನಿಂತು ‘ಒಂದು ಸೇರಿಸು’ ಎಂದು ಗೊಣಗಿಕೊಳ್ಳುತ್ತಿದ್ದರು. ಅದು ಸಮುದ್ರದವರ ಕೈಗೆ ಕೂತುಹೋದ ಲೆಕ್ಕ. ಆದರೆ ಪ್ರವಾಸಿಗರಿಗೆಂದು ಹಾಕುವ ಬೋರ್ಡಿನಲ್ಲಿ ಆ ಒಂದು ಗಂಟೆಯನ್ನು ಮೊದಲೇ ಸೇರಿಸಿ ಬರೆದಿರುತ್ತಾರೆ. ಅದಕ್ಕೆ ಇನ್ನೊಂದು ಸೇರಿಸುವ ತಪ್ಪನ್ನು ನಮ್ಮಂಥ ಸಾಮಾನ್ಯರು ಮಾಡಲಾರರು. ಅದನ್ನು ಮಾಡಲು ಒಳ್ಳೆಯ ನಾವಿಕನೇ ಬೇಕು.

ನಾನು ಎದ್ದೆ. “ಮಿಸೆಸ್ ಟ್ರಾಂಟರ್, ಸ್ವಲ್ಪ ಹೊರಗೆ ಬರ್ತೀರಾ?”

ಸಮುದ್ರದ ತಡೆಗೋಡೆಯ ಪಕ್ಕದಲ್ಲಿ ಗಾಳಿ ಕೊರೆಯುತ್ತಿತ್ತು. ವಿನಿಫ್ರೆಡ್ ಕೋಟು ಹಾಕಿಕೊಳ್ಳದೆ ಹಾಗೇ ಬಂದಿದ್ದರು. ನನ್ನ ಸಾರ್ಜೆಂಟ್ ರಾಬ್ಸನ್ ದೂರದಲ್ಲಿ ಕಾರಿಗೆ ಒರಗಿ ನಿಂತಿದ್ದ.

“ನಾಲ್ಕು ಗಂಟೆ ಅಂತ ಹೆಸ್ಟರ್‌ಗೆ ಹೇಳಿದ್ದು ಡೆನ್ಹಮ್ ಅವರಾ?”

“ಹೆಸ್ಟರ್ ತಾನೇ ಬೋರ್ಡ್…”

“ಅದನ್ನ ಬಿಡಿ. ಒಂದು ಸಲ ಕೇಳಿದ್ದೀನಿ, ಎರಡು ಸಲ ಕೇಳಿದ್ದೀನಿ. ನನಗೆ ನಿಜ ಬೇಕು.”

ಅವರು ಮರಳಿನ ಕಡೆ ತಿರುಗಿದರು. ಆಮೇಲೆ ಕಲ್ಲಿನ ಗೋಡೆಯ ಮೇಲೆ ಕೂತುಬಿಟ್ಟರು.

“ಬೋರ್ಡ್ ಮುಂದೆ ನಿಂತ. ‘ಇವರಿಗೆ ಬೇಸಿಗೆ ಗಂಟೆ ಸೇರ್ಸೋಕೆ ಬರಲ್ಲ, ದಡ್ಡರು. ನಾಲ್ಕರವರೆಗೆ ಟೈಮಿದೆ ಹೆಸ್ಟರ್, ಆರಾಮಾಗಿ ಬಾ’ ಅಂದ. ಅವಳು ಕೈಯೆತ್ತಿ ಸೆಲ್ಯೂಟ್ ಹೊಡೆದ್ಳು. ‘ಆಗ್ಲಿ ಕ್ಯಾಪ್ಟನ್’ ಅಂದ್ಳು. ನಮ್ಮ ಮೂವರ ಮೊಣಕಾಲು ನಡೆಯೋ ಹಾಗಿಲ್ಲ. ಊಟದ ಮುಂಚೆನೇ ವ್ಯಾನಲ್ಲಿ ಬಂದ್ಬಿಟ್ವಿ. ಅವಳು ಮಠದಲ್ಲಿ ಚಿತ್ರ ಬರೀತಾ ಕೂತಿದ್ಳು.”

“ತಪ್ಪಾಗಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಸಂಜೆ. ಮಿಸೆಸ್ ಡಾಡ್ಸ್ ಹೇಳಿದ್ಮೇಲೆ. ಅಷ್ಟೊತ್ತಿಗೆ ಎಲ್ಲ ನೀರಾಗಿತ್ತು.” ಅವರು ನನ್ನ ಕೈ ಹಿಡಿದುಕೊಂಡರು. ಬೆರಳು ಮಂಜುಗಡ್ಡೆಯ ಹಾಗಿತ್ತು. “ಅವನಿಗೆ ಗೊತ್ತಿಲ್ಲ ಇನ್ಸ್‌ಪೆಕ್ಟರ್. ಗಾಡ್‌ಫ್ರಿಗೂ ನಾನೇ ಹೀಗ್ ಹೇಳು ಅಂದಿದ್ದು. ಯುದ್ಧದಲ್ಲಿ ಒಂದು ಹಡಗೂ ದಾರಿ ತಪ್ಪಿಲ್ಲ ಅವನ ಕೈಯಲ್ಲಿ. ಅವನಿಗಿರೋದೇ ಆ ಒಂದು ಹೆಮ್ಮೆ. ಹೆಸ್ಟರ್‌ನ ತಾನೇ ಕೊಂದೆ ಅಂತ ಗೊತ್ತಾದ್ರೆ ಅವನು ಉಳಿಯಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಅವನನ್ನ ಏನೂ ಕೇಳ್ಬೇಡಿ.”

ಗೋಡೆಯ ಮೇಲೆ ಕೂತ ಆ ಮುದುಕಿ ಸದ್ದಿಲ್ಲದೆ ಅತ್ತರು. ಮೂಗು ಒರೆಸಿಕೊಳ್ಳಲು ಕರವಸ್ತ್ರ ಇರಲಿಲ್ಲ, ನನ್ನದನ್ನು ಕೊಟ್ಟೆ.

“ನನ್ನ ಮದುವೇಲಿ ನನ್ನ ಪಕ್ಕದಲ್ಲಿ ನಿಂತವಳು ಅವಳು,” ಎಂದರು. “ಹೂವಿನ ಗುಚ್ಛ ಹಿಡ್ಕೊಂಡು.”

ಸತ್ತವಳು ಹೇಗೂ ಬರುವುದಿಲ್ಲ, ಬದುಕಿರುವ ಮುದುಕನನ್ನು ಯಾಕೆ ಕೊಲ್ಲಬೇಕು? ಅವಘಡ ಎಂದು ಬರೆದು ಕಳಿಸುತ್ತೇನೆ, ನಿಮ್ಮ ಗಂಡನನ್ನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಪೊಲೀಸರು ಇಂಥ ಮಾತು ಕೊಡಬಾರದು. ಆದರೂ ಕೊಟ್ಟೆ, ಕೊಟ್ಟು ಮನಸ್ಸಿಗೆ ಸಮಾಧಾನವೂ ಆಯಿತು. ವಿನಿಫ್ರೆಡ್ ಮುಖ ತೊಳೆದುಕೊಂಡು ಬರುತ್ತೇನೆಂದು ಮರಳಲ್ಲಿ ನಿಂತ ನೀರಿನತ್ತ ನಡೆದರು.

“ಮುಗೀತಾ ಮೇಡಂ?” ಎಂದ ರಾಬ್ಸನ್, ನಾನು ಕಾರಿನಲ್ಲಿ ಕೂತಾಗ.

“ಮುಗೀತು. ಹೊರಡೋಣ.”

“ನಿಮ್ಮ ಕಣ್ಣು ಕೆಂಪಗಿದೆ.”

“ಗಾಳಿ. ನಿನ್ನ ಕೆಲಸ ನೋಡು.”

ಅವನು ಕೀಲಿ ತಿರುಗಿಸುವಷ್ಟರಲ್ಲಿ ಕಿಟಕಿಗೆ ಬೆರಳು ಬಡಿದ ಸದ್ದಾಯಿತು. ಡೆನ್ಹಮ್ ಟ್ರಾಂಟರ್. ನೆಟ್ಟಗೆ ನಿಂತಿದ್ದರು, ಟೈ ಕಟ್ಟಿದ್ದರು, ತಲೆಗೆ ಟೋಪಿಯಿಲ್ಲದೆ ಬಿಳಿಗೂದಲು ಹಾರುತ್ತಿತ್ತು.

“ನನ್ನ ಹೇಳಿಕೆ ತಗೊಳ್ಳಿ,” ಎಂದರು ದೊಡ್ಡ ದನಿಯಲ್ಲಿ, ಕಿವಿ ಕೇಳದವರ ದನಿಯಲ್ಲಿ. “ಹೆಂಗಸರು ಮಾತಾಡಿ ಮುಗಿಸಿದ್ರಿ. ನಾನು ಇನ್ನೂ ಮಾತಾಡಿಲ್ಲ.”

ಒಳಗೆ ಮೆಟ್ಟಿಲ ಬುಡದ ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲೊಂದು ಬೆತ್ತದ ಕುರ್ಚಿ, ಗೋಡೆಗೆ ಮಿಸೆಸ್ ಡಾಡ್ಸ್‌ರ ಟೆಲಿಫೋನು. ಆಗಿನ್ನೂ ಜೇಬಿನ ಫೋನುಗಳು ಬಂದಿರಲಿಲ್ಲ, ಇಡೀ ಮನೆಗೆ ಅದೊಂದೇ. ಅವರು ಕುರ್ಚಿಯಲ್ಲಿ ಕೂತು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡರು.

“ಬರ್ಕೊಳ್ಳಿ. ನಾಲ್ಕು ಗಂಟೆ ಅಂತ ಹೆಸ್ಟರ್‌ಗೆ ಹೇಳಿದ್ದು ನಾನು. ಬೋರ್ಡ್ ಸರಿಯಾಗಿತ್ತು, ನನ್ನ ಲೆಕ್ಕ ತಪ್ಪು. ಅವಳು ನನ್ನನ್ನ ನಂಬಿ ಸತ್ತಳು. ಅಷ್ಟೇ.”

ಅವರಿಗೆ ಗೊತ್ತಿಲ್ಲ ಎಂದಿದ್ದರಲ್ಲ ವಿನಿಫ್ರೆಡ್!

“ನಿಮಗೆ ಇದನ್ನ ಯಾರು ಹೇಳಿದ್ರು?”

“ಯಾರೂ ಹೇಳ್ಬೇಕಾಗಿಲ್ಲ. ಅಷ್ಟು ಬರೆದ್ರೆ ಸಾಕು. ಫೋನ್ ವಿಷ್ಯ ಬರೀಬೇಡಿ.”

“ಯಾವ ಫೋನು?”

ಅವರು ನನ್ನ ತುಟಿ ಓದಿದರು. ತಾನು ಬಾಯಿಬಿಟ್ಟದ್ದು ಆಗ ಅರಿವಾಯಿತು.

“ವಿನ್ನಿ ಹೇಳಿರ್ಬೇಕು ಅಂದ್ಕೊಂಡಿದ್ದೆ.”

“ಅವರು ಹೇಳ್ಲಿಲ್ಲ. ನೀವು ಹೇಳಿ.”

ಅವರು ನಡುನಡುವೆ ನನ್ನ ತುಟಿಯತ್ತ ಕಣ್ಣೆತ್ತಿ, ಮತ್ತೆ ನೆಲ ನೋಡುತ್ತ ಹೇಳಿದರು. ಮಾತು ಮಾತಿಗೂ ದನಿ ತಗ್ಗುತ್ತ ಹೋಯಿತು.

“ಊಟ ಆಗಿತ್ತು. ಮೇಲೆ ಕಿಟಕಿ ಹತ್ರ ಕೂತಿದ್ದೆ, ಬೈನಾಕ್ಯುಲರ್ ಹಿಡ್ಕೊಂಡು. ದ್ವೀಪದ ಪಕ್ಕದ ಕಾಲುವೆಗೆ ಆಗ್ಲೇ ನೀರು ತಿರುಗಿತ್ತು. ಅಷ್ಟು ಬೇಗ ತಿರುಗಬಾರದು. ಒಂದು ಕ್ಷಣದಲ್ಲಿ ಗೊತ್ತಾಗೋಯ್ತು ನನಗೆ, ಏನ್ ಮಾಡಿದ್ದೀನಿ ಅಂತ. ಗಾಡ್‌ಫ್ರಿ ಪೆಟ್ರೋಲ್ ಹಾಕ್ಸೋಕೆ ಹೋಗಿದ್ದ. ನನಗೆ ಫೋನಲ್ಲಿ ಏನೂ ಕೇಳ್ಸಲ್ಲ. ವಿನ್ನಿನ ಎಬ್ಬಿಸಿದೆ. ಮಠದ ಮುಂದೆ ಟೀ ಅಂಗಡಿ ಇದೆಯಲ್ಲ, ಅಲ್ಲಿಗೆ ಫೋನ್ ಮಾಡು, ಹೆಸ್ಟರ್‌ನ ಹಿಡಿದು ನಿಲ್ಸು, ರಾತ್ರಿ ಅಲ್ಲೇ ಉಳ್ಕೊಳ್ಲಿ ಅನ್ನು ಅಂತ ಓಡಿಸಿದೆ. ಗೋಡೆ ಗಡಿಯಾರದಲ್ಲಿ ಇನ್ನೂ ಎರಡೂವರೆ. ಬೇಕಾದಷ್ಟು ಹೊತ್ತಿತ್ತು.”

“ಆಮೇಲೆ?”

“ವಿನ್ನಿ ಮೇಲೆ ಬಂದ್ಳು. ಹೇಳ್ದೆ ಅಂದ್ಳು.”

ಅಡುಗೆಮನೆಯಿಂದ ತಟ್ಟೆಗಳ ಸದ್ದು.

“ಹೇಳಿದ್ಮೇಲೂ ಹೆಸ್ಟರ್ ನಡೆದ್ಳು ಇನ್ಸ್‌ಪೆಕ್ಟರ್. ನೀರು ಬರುತ್ತೆ ಅಂತ ಗೊತ್ತಿದ್ದೂ ನಡೆದ್ಳು.” ಡೆನ್ಹಮ್ ತಲೆ ಎತ್ತಿದರು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅವರಿಗೆ ಒರೆಸಿಕೊಳ್ಳುವ ಗಮನವೂ ಇರಲಿಲ್ಲ. “ಗಂಡ ಹೋದ್ಮೇಲೆ ಅವಳು ಒಳಗೊಳಗೇ ಸೊರಗಿದ್ಳು. ಕಥೆ ಹೇಳ್ತಿದ್ಳು, ನಗಿಸ್ತಿದ್ಳು, ನಾವು ಮೂರು ಜನ ಮೂರ್ಖರು ನಗ್ತಿದ್ವಿ. ಅವಳಿಗೊಬ್ಬಳು ಮಗಳಿದ್ದಾಳೆ. ಅಮ್ಮ ಬೇಕು ಅಂತಾನೇ ಸಮುದ್ರಕ್ಕೆ ಹೋದ್ಳು ಅಂತ ಆ ಹುಡುಗಿಗೆ ಗೊತ್ತಾಗ್ಬಾರದು. ಅದಕ್ಕೇ ಹೇಳ್ತಿದ್ದೀನಿ, ಡೆನ್ಹಮ್ ಟ್ರಾಂಟರ್ ಕೊಂದ ಅಂತ ಬರೀರಿ. ನನ್ನದಿನ್ನು ಎಷ್ಟು ದಿನ?”

ಹೆಂಡತಿ ಗಂಡನನ್ನು ಕಾಪಾಡುತ್ತಿದ್ದಾಳೆಂದು ನಂಬಿ ನಾನು ಕರವಸ್ತ್ರ ಕೊಟ್ಟು ಬಂದಿದ್ದೆ. ಗಂಡ ಇಲ್ಲಿ ಸತ್ತ ಗೆಳತಿಯ ಮಾನ ಕಾಪಾಡಲು ಕೊಲೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಜೇಬಿನ ತುಂಬ ಚಿಪ್ಪು ಆರಿಸಿದ ಹೆಂಗಸು ಸಾಯಲು ಹೊರಟವಳಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ.

“ಆ ಮರಳಲ್ಲಿ ನಡೀಬೇಕು ಅಂತ ಅವಳಿಗ್ಯಾಕೆ ಅಷ್ಟು ಆಸೆ?” ಎಂದು ಕೇಳಿದೆ.

“ಯುದ್ಧ ಆದ್ಮೇಲೆ ಮೊದಲ್ನೇ ಸಲ ಬಂದಾಗ ನಡೆದಿದ್ವಲ್ಲ. ನಾನೂ ಅವಳೂ. ವಿನ್ನಿ ಈ ದಡದಲ್ಲಿ ಸೈಕಲ್ ಕಾಯ್ತಾ ಕೂತಿದ್ಳು, ಆ ಸಿಟ್ಟು ಇವತ್ತಿಗೂ ಹೋಗಿಲ್ಲ ಅವಳಿಗೆ.” ಆ ನೆನಪಿಗೆ ಅವರ ಮುಖ ಒಂದು ಗಳಿಗೆ ಮೃದುವಾಯಿತು. “ನನಗೊಂದು ಉಪಕಾರ ಮಾಡಿ. ಫೋನಲ್ಲಿ ಹೆಸ್ಟರ್ ಕೊನೇದಾಗಿ ಏನಂದ್ಳು? ವಿನ್ನಿನ ಕೇಳಿದ್ರೆ ಬರೀ ಅಳ್ತಾಳೆ, ಹೇಳೋದೇ ಇಲ್ಲ. ಟೀ ಅಂಗಡಿಯವಳು ಪಕ್ಕದಲ್ಲೇ ಇದ್ದಿರ್ತಾಳೆ. ಕೇಳಿ ಹೇಳ್ತೀರಾ? ಅವಳು ನನ್ನ ಮೇಲೆ ಸಿಟ್ಟಾಗಿದ್ಳಾ, ಅಷ್ಟು ಗೊತ್ತಾದ್ರೆ ಸಾಕು.”

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಅಲ್ಲೇ ನಿಂತು ರಿಸೀವರ್ ಎತ್ತಿದೆ. ಟೀ ಅಂಗಡಿಯ ಪೆಗ್ ಅಲನ್ ಮೂರನೇ ರಿಂಗಿಗೇ ಸಿಕ್ಕಳು.

“ಶನಿವಾರವಾ? ಬಂದಿತ್ತು ಕಣಮ್ಮಾ, ಫೋನ್ ಬಂದಿತ್ತು. ಯಾವುದೋ ವಯಸ್ಸಾದ ಹೆಂಗಸಿನ ದನಿ. ಕೆಂಪು ಕೋಟು ಹಾಕ್ಕೊಂಡಿರೋ ಅಮ್ಮ ಒಬ್ರು ಅಲ್ಲಿದ್ದಾರಾ ಅಂತ ಕೇಳಿದ್ರು.”

“ನೀವೇನಂದ್ರಿ?”

“ಇದ್ದಾರೆ, ಹೊರಗೆ ಬೆಂಚಿನ ಮೇಲೆ ಕೂತು ಟೀ ಕುಡೀತಿದ್ದಾರೆ, ಕರೀಲಾ ಅಂದೆ. ಆ ಕಡೆಯಿಂದ ಉತ್ತರಾನೇ ಇಲ್ಲ. ಉಸಿರು ಮಾತ್ರ ಕೇಳ್ತಿತ್ತು. ಲೈನ್ ಹೋಯ್ತೇನೋ ಅಂತ ಹಲೋ ಹಲೋ ಅಂದೆ.”

“ಆಮೇಲೆ?”

“ಆಮೇಲೆ ‘ಬೇಡ, ಕೂತಿರ್ಲಿ ಬಿಡಿ’ ಅಂದ್ರು. ಇಟ್ಬಿಟ್ರು. ರಾತ್ರಿ ಇಲ್ಲೇ ದ್ವೀಪದಲ್ಲಿ ಉಳಿಯೋರೇನೋ ಅಂದ್ಕೊಂಡು ನಾನೂ ಒಳಗೆ ಪಾತ್ರೆ ತೊಳೆಯೋಕೆ ಹೋದೆ. ದೇವರೇ, ಅವರೇನಾ ಕಣಮ್ಮಾ ಆ ಮುಳುಗಿದವರು? ನಾನು ಕರೀಬೇಕಿತ್ತಾ?”

“ನಿಮ್ಮ ತಪ್ಪಿಲ್ಲ,” ಎಂದೆ. ಅದೊಂದು ಮಾತನ್ನಾದರೂ ಆ ದಿನ ನಿಜ ಹೇಳಿದೆ.

ರಿಸೀವರ್ ಇಟ್ಟು ತಿರುಗಿದೆ. ವಿನಿಫ್ರೆಡ್ ಯಾವಾಗ ಒಳಗೆ ಬಂದರೋ ತಿಳಿಯದು. ಗಂಡನ ಕುರ್ಚಿಯ ಹಿಂದೆ ನಿಂತಿದ್ದರು, ಒಂದು ಕೈ ಅವರ ಭುಜದ ಮೇಲಿತ್ತು. ಮುಖವಿನ್ನೂ ಒದ್ದೆ. ನಾನು ಯಾರ ಜೊತೆ ಮಾತಾಡಿದೆ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ.

ನಿಜ ಹೇಳಿದರೆ ಈ ಮುದುಕನಿಗೆ ಗೆಳತಿಯ ಸಾವೂ ತನ್ನದಾಗುತ್ತದೆ, ಹೆಂಡತಿಯೂ ಹೋಗುತ್ತಾಳೆ. ಸುಳ್ಳು ಹೇಳಿದರೆ, ಹೆಸ್ಟರ್ ಬೇಕೆಂದೇ ಸತ್ತಳು ಎಂದು ಕೊರಗುತ್ತ ಉಳಿದ ದಿನ ಕಳೆಯುತ್ತಾರೆ, ಅದೂ ಅದೇ ಹೆಂಡತಿ ಮಾಡಿಕೊಟ್ಟ ಚಹಾ ಕುಡಿಯುತ್ತ.

“ಏನಂತೆ?” ಎಂದರು ಡೆನ್ಹಮ್. “ಕೊನೇಗೆ ಏನಂದ್ಳಂತೆ ನಮ್ಮ ಹೆಸ್ಟರ್?”

ಅವರ ಬೆನ್ನ ಹಿಂದಿನಿಂದ, ಅವರಿಗೆ ಕಾಣದ ತುಟಿಗಳಿಂದ, ವಿನಿಫ್ರೆಡ್ ಮಾತಾಡಿದರು.

“ಕರೀರಿ ಅನ್ನೋಕೇ ಬಾಯಿ ತೆಗೆದಿದ್ದೆ ಇನ್ಸ್‌ಪೆಕ್ಟರ್. ಸತ್ಯವಾಗ್ಲೂ. ಬಾಯಿಂದ ಬಂದಿದ್ದು ಬೇರೆ.”

ಡೆನ್ಹಮ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನ ತುಟಿಗಳನ್ನೇ ನೋಡುತ್ತಿದ್ದರು.